ಕಲಿಯುವ ಶಾಲೆ: ನೇತೃತ್ವ ಮತ್ತು ಅಧ್ಯಾಪಕರ ಕೊಠಡಿಯ ವಾತಾವರಣ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ಮರುದಿನ ಯಾವುದೇ ಪ್ರೌಢಶಾಲೆಯ ಅಧ್ಯಾಪಕರ ಕೊಠಡಿಯನ್ನು ಪ್ರವೇಶಿಸಿದರೆ ಆ ಶಾಲೆಯ ಅಂತರಂಗವು ತಕ್ಕಮಟ್ಟಿಗೆ ತಿಳಿದುಬರುತ್ತದೆ. ಒಂದು ಶಾಲೆಯಲ್ಲಿ ಮುಖ್ಯೋಪಾಧ್ಯಾಯರು ವಿಷಯವಾರು ಅನುತ್ತೀರ್ಣರ ಸಂಖ್ಯೆಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಗಣಿತದ ಅಧ್ಯಾಪಕರು ತಲೆ ತಗ್ಗಿಸುತ್ತಾರೆ. ಬಳಿಕ ಅವರು ಎಂಟನೆಯ ತರಗತಿಯವರನ್ನು ದೂರುತ್ತಾರೆ, ಎಂಟನೆಯ ತರಗತಿಯವರು ಪ್ರಾಥಮಿಕ ಶಾಲೆಯನ್ನು ದೂರುತ್ತಾರೆ, ಕೊನೆಗೆ ಎಲ್ಲರೂ ಒಮ್ಮತದಿಂದ ಪಾಲಕರನ್ನು ದೂರಿ ಚಹಾ ಕುಡಿದು ಏಳುತ್ತಾರೆ. ಇನ್ನೊಂದು ಶಾಲೆಯಲ್ಲಿ ಅದೇ ದಿನ ಮಕ್ಕಳ ಉತ್ತರ ಪತ್ರಿಕೆಗಳ ಪ್ರತಿಗಳನ್ನು ಮಂಡಳಿಯಿಂದ ತರಿಸುವ ಏರ್ಪಾಡಿನ ಮಾತು ನಡೆದಿರುತ್ತದೆ. ಯಾವ ಪ್ರಶ್ನೆಯಲ್ಲಿ ಹೆಚ್ಚು ಮಕ್ಕಳು ಎಡವಿದರು, ಅವರಿಗೆ ಲೆಕ್ಕ ಬರಲಿಲ್ಲವೋ ಅಥವಾ ಲೆಕ್ಕದ ಭಾಷೆಯೇ ಅರ್ಥವಾಗಲಿಲ್ಲವೋ ಎಂಬ ವಿಚಾರ ಅಲ್ಲಿ ಚರ್ಚೆಗೆ ಬರುತ್ತದೆ. ಎರಡೂ ಶಾಲೆಗಳ ಕಟ್ಟಡ ಒಂದೇ ತೆರನಾಗಿರಬಹುದು, ಅಧ್ಯಾಪಕರ ಪದವಿಗಳೂ ಒಂದೇ ಆಗಿರಬಹುದು. ಆದರೂ ಮೊದಲನೆಯ ಶಾಲೆ ಮುಂದಿನ ವರ್ಷವೂ ಅದೇ ತಪ್ಪನ್ನು ಮಾಡುತ್ತದೆ, ಎರಡನೆಯದು ಬಹುಶಃ ಬೇರೆ ತಪ್ಪನ್ನು ಮಾಡುತ್ತದೆ. ಶಿಕ್ಷಣ ಕ್ಷೇತ್ರದಲ್ಲಿ ಬೇರೆ ತಪ್ಪನ್ನು ಮಾಡುವುದೂ ಒಂದು ಪ್ರಗತಿಯೇ ಸರಿ.

ಈ ವ್ಯತ್ಯಾಸವು ಕರ್ನಾಟಕದ ಶಾಲೆಗಳಿಗೆ ಕಣ್ಣಿಗೆ ಕಟ್ಟುವಂತೆ ಗೋಚರಿಸಿದುದು 2024ರಲ್ಲಿ. 2023ರಲ್ಲಿ ಶೇಕಡಾ 83.89ರಷ್ಟಿದ್ದ ಎಸ್.ಎಸ್.ಎಲ್.ಸಿ. ಉತ್ತೀರ್ಣತೆಯು 2024ರಲ್ಲಿ ಶೇಕಡಾ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳನ್ನು ಅಳವಡಿಸಿ ದೂರದಿಂದಲೇ ವೀಕ್ಷಿಸುವ ವ್ಯವಸ್ಥೆಯನ್ನು ಜಾರಿಗೊಳಿಸಲಾಗಿತ್ತು. ಕೃಪಾಂಕದ ಉದಾರ ನೆರವು ಇದ್ದಾಗ್ಯೂ ಇಷ್ಟು ಇಳಿತ ಉಂಟಾಯಿತು. ಹಿಂದಿನ ವರ್ಷಗಳ ಅಂಕಿಗಳಲ್ಲಿ ಎಷ್ಟು ಭಾಗ ಕಲಿಕೆ, ಎಷ್ಟು ಭಾಗ ಬೇರೆ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಶಾಲೆಯೂ ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಸಂದರ್ಭ ಅದಾಗಿತ್ತು. ಹಾಗೆ ಕೇಳಿಕೊಳ್ಳಲು ಮುಖ್ಯೋಪಾಧ್ಯಾಯರಿಗೆ ಧೈರ್ಯ ಬೇಕು. ಅದಕ್ಕೆ ಸತ್ಯವಾದ ಉತ್ತರ ನೀಡಲು ಅಧ್ಯಾಪಕರಿಗೆ ಅಭಯ ಬೇಕು. ಪ್ರಸ್ತುತ ವಿಷಯದ ತಿರುಳು ಈ ಧೈರ್ಯ ಮತ್ತು ಅಭಯಗಳೇ ಆಗಿವೆ.

'ಕಲಿಯುವ ಸಂಸ್ಥೆ' ಎಂಬ ಮಾತು ವಿದ್ಯಾಸಂಸ್ಥೆಗಳಲ್ಲಿ ಹುಟ್ಟಿದ್ದಲ್ಲವೆಂಬುದು ವಿಚಿತ್ರವಾದರೂ ನಿಜ. ಅಮೆರಿಕದ ಪೀಟರ್ ಸೆಂಗೆ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ಪದವು ಪ್ರಚಾರಕ್ಕೆ ಬಂದಿತು. ಅವರ ಗಮನವಿದ್ದುದು ಮುಖ್ಯವಾಗಿ ಉದ್ಯಮ ಸಂಸ್ಥೆಗಳ ಮೇಲೆ. ಶಾಲೆಗಳನ್ನೇ ಕುರಿತ ಗ್ರಂಥವನ್ನು ಅವರೂ ಅವರ ಸಂಗಡಿಗರೂ ಹೊರತಂದುದು ಹತ್ತು ವರ್ಷಗಳ ತರುವಾಯ, 2000ದಲ್ಲಿ. ಇದಕ್ಕೂ ಮುಂಚೆ, 1978ರಲ್ಲಿ, ಕ್ರಿಸ್ ಆರ್ಗಿರಿಸ್ ಮತ್ತು ಡೊನಾಲ್ಡ್ ಶೋನ್ ಎಂಬಿಬ್ಬರು ಸಂಸ್ಥೆಗಳ ಕಲಿಕೆಯಲ್ಲಿ ಎರಡು ಬಗೆಗಳಿವೆಯೆಂದು ತೋರಿಸಿಕೊಟ್ಟಿದ್ದರು. ಕೊಠಡಿಯ ಉಷ್ಣತೆಯನ್ನು ಕಾಯುವ ಯಂತ್ರವು ಸೆಕೆ ಹೆಚ್ಚಾದರೆ ತಂಪುಗೊಳಿಸುತ್ತದೆ, ತಂಪು ಹೆಚ್ಚಾದರೆ ಸುಮ್ಮನಾಗುತ್ತದೆ. ಆದರೆ ತನಗೆ ಗೊತ್ತುಪಡಿಸಿದ ಉಷ್ಣತೆ ಯುಕ್ತವೇ ಎಂದು ಅದು ಎಂದಿಗೂ ಕೇಳುವುದಿಲ್ಲ. ಇದು ಮೊದಲ ಬಗೆಯ ಕಲಿಕೆ. ಗುರಿಯನ್ನೂ ನಂಬಿಕೆಯನ್ನೂ ಪ್ರಶ್ನಿಸಿಕೊಳ್ಳುವುದು ಎರಡನೆಯ ಬಗೆಯದು. ಫಲಿತಾಂಶ ಇಳಿದೊಡನೆ ಸಂಜೆಯ ವಿಶೇಷ ತರಗತಿಯನ್ನು ಒಂದು ಗಂಟೆ ಹೆಚ್ಚಿಸುವ ಶಾಲೆ ಮೊದಲ ಬಗೆಯಲ್ಲಿ ನಿಲ್ಲುತ್ತದೆ. ಎಂಟನೆಯ ತರಗತಿಗೆ ಬರುವ ಮಗು ಕನ್ನಡದ ಒಂದು ಪುಟವನ್ನು ತಡವರಿಸದೆ ಓದಲಾರದಿರುವಾಗ ಹತ್ತನೆಯ ತರಗತಿಯ ಸಂಜೆಯ ಪಾಠದಿಂದ ಏನು ಪ್ರಯೋಜನ ಎಂದು ಕೇಳುವ ಶಾಲೆ ಎರಡನೆಯದಕ್ಕೆ ಕಾಲಿಟ್ಟಿರುತ್ತದೆ.

ವಾತಾವರಣವೆಂಬುದು ಕಣ್ಣಿಗೆ ಕಾಣದ ವಸ್ತು. ಅದನ್ನು ಅಳೆಯಬಹುದೆಂದು ಮೊದಲಿಗೆ ಶ್ರಮಪಟ್ಟು ತೋರಿಸಿದವರು ಆಂಡ್ರ್ಯೂ ಹಾಲ್ಪಿನ್ ಮತ್ತು ಡಾನ್ ಕ್ರಾಫ್ಟ್. 1960ರ ದಶಕದ ಆರಂಭದಲ್ಲಿ ಅವರು ಅಮೆರಿಕದ 71 ಪ್ರಾಥಮಿಕ ಶಾಲೆಗಳ ಅಧ್ಯಾಪಕರ ಮುಂದೆ 64 ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಇಟ್ಟರು. ಬಂದ ಉತ್ತರಗಳನ್ನು ಎಂಟು ಅಂಶಗಳಾಗಿ ವಿಂಗಡಿಸಿ, ಪೂರ್ಣ ಮುಕ್ತ ವಾತಾವರಣದಿಂದ ಪೂರ್ಣ ಮುಚ್ಚಿದ ವಾತಾವರಣದವರೆಗೆ ಆರು ಮಾದರಿಗಳನ್ನು ಗುರುತಿಸಿದರು. ಇವುಗಳಲ್ಲಿ ಎರಡು ಅಂಶಗಳು ಕನ್ನಡ ನಾಡಿನ ಅಧ್ಯಾಪಕರಿಗೆ ವಿವರಣೆಯಿಲ್ಲದೆಯೇ ಅರ್ಥವಾಗತಕ್ಕವು. ಒಂದನೆಯದು ಅಡಚಣೆ, ಅಂದರೆ ಪಾಠಕ್ಕೆ ಸಂಬಂಧಪಡದ ಕಾಗದಪತ್ರಗಳ ಹೊರೆ ತಮ್ಮ ಮೇಲೆ ಬಿದ್ದಿದೆಯೆಂಬ ಅಧ್ಯಾಪಕರ ಭಾವನೆ. ಗುಮಾಸ್ತರ ಹುದ್ದೆ ತೆರವಾಗಿರುವ ಅನುದಾನಿತ ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ, ಬಿಸಿಯೂಟದ ಲೆಕ್ಕ, ಗಣಕದಲ್ಲಿ ತುಂಬಬೇಕಾದ ಮಕ್ಕಳ ಮಾಹಿತಿ, ಇವೆಲ್ಲ ಯಾರ ಪಾಲಿಗೆ ಬರುತ್ತವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯ ಅಂಶ ನಾಯಕನ ಮುನ್ನಡೆ. ಇತರರಿಂದ ತಾನು ಅಪೇಕ್ಷಿಸುವ ದುಡಿಮೆಯನ್ನು ಮೊದಲು ತಾನೇ ಮಾಡಿ ತೋರಿಸುವ ಮುಖ್ಯೋಪಾಧ್ಯಾಯರ ಗುಣವನ್ನು ಅವರು ಈ ಹೆಸರಿನಿಂದ ಕರೆದರು. ಹತ್ತಿರ ನಿಂತು ಮೇಲ್ವಿಚಾರಣೆ ಮಾಡುವುದು ಬೇರೆ, ಮುಂದೆ ನಡೆದು ತೋರಿಸುವುದು ಬೇರೆ ಎಂಬ ಭೇದವನ್ನು ಅವರ ಪ್ರಶ್ನಾವಳಿ ಸ್ಪಷ್ಟವಾಗಿ ಎತ್ತಿಹಿಡಿಯಿತು.

ಸೂಸನ್ ರೋಸೆನ್‌ಹೋಲ್ಟ್ಸ್ ಎಂಬ ಸಂಶೋಧಕಿ ಟೆನೆಸ್ಸಿ ಪ್ರಾಂತದ 78 ಪ್ರಾಥಮಿಕ ಶಾಲೆಗಳನ್ನು ಅಧ್ಯಯನ ಮಾಡಿ 1989ರಲ್ಲಿ ಪ್ರಕಟಿಸಿದ ಗ್ರಂಥವು ಇದರ ಮುಂದಿನ ಹೆಜ್ಜೆ. ಅಲ್ಲಿನ ಕೆಲವು ಶಾಲೆಗಳನ್ನು ಅವರು ಕಲಿಕೆಯಲ್ಲಿ ಸಮೃದ್ಧವೆಂದೂ ಕೆಲವನ್ನು ಕಲಿಕೆಯಲ್ಲಿ ದರಿದ್ರವೆಂದೂ ವರ್ಗೀಕರಿಸಿದರು. ಇಲ್ಲಿ ಕಲಿಕೆಯೆಂದರೆ ಮಕ್ಕಳದ್ದಲ್ಲ, ಅಧ್ಯಾಪಕರದ್ದು. ಬೋಧನೆಯ ವೃತ್ತಿಯನ್ನು ಕಲಿಯಲು ಎಷ್ಟು ಕಾಲ ಬೇಕೆಂದು ಕೇಳಿದಾಗ ದರಿದ್ರ ಶಾಲೆಗಳ ಅಧ್ಯಾಪಕರು ಕೆಲವೇ ವರ್ಷಗಳು ಸಾಕೆಂಬ ಧಾಟಿಯಲ್ಲಿ ಉತ್ತರಿಸಿದರು. ಸಮೃದ್ಧ ಶಾಲೆಗಳವರಿಗಾದರೋ ಅದು ಮುಗಿಯದ ಕಲಿಕೆಯಾಗಿ ತೋರಿತು. ದರಿದ್ರ ಶಾಲೆಗಳಲ್ಲಿ ಸಹಾಯ ಕೇಳುವುದೆಂದರೆ ತನ್ನ ಅಸಾಮರ್ಥ್ಯವನ್ನು ಒಪ್ಪಿಕೊಂಡಂತೆ. ಆದುದರಿಂದ ಯಾರೂ ಕೇಳುತ್ತಿರಲಿಲ್ಲ, ಯಾರೂ ಕೊಡುತ್ತಲೂ ಇರಲಿಲ್ಲ. ಸಮೃದ್ಧ ಶಾಲೆಗಳಲ್ಲಿ ಮುಖ್ಯಸ್ಥರೇ ತಮ್ಮ ತೊಡಕುಗಳನ್ನು ಸಭೆಯ ಮುಂದಿಡುತ್ತಿದ್ದುದರಿಂದ ಇತರರ ಸಂಕೋಚವೂ ಕರಗಿತ್ತು. ಇವು ಸರ್ಕಾರಿ ಶಾಲೆಗಳೆಂಬುದು ದಿಟವಾದರೂ ಗೋಡೆಯೊಳಗಿನ ಏಕಾಂತವು ಶಾಲೆಯ ಒಡೆತನವನ್ನು ನೋಡಿ ಬರುವುದಿಲ್ಲ.

ಹಾಗಾದರೆ ಖಾಸಗಿ ಶಾಲೆಯ ವಿಶೇಷವೇನು? ಸರ್ಕಾರಿ ಶಾಲೆಯ ಅಧ್ಯಾಪಕರಿಗೆ ಮೇಲಧಿಕಾರಿ ದೂರದ ಪಟ್ಟಣದಲ್ಲಿರುತ್ತಾನೆ. ಖಾಸಗಿ ಶಾಲೆಯಲ್ಲಿ ನೇಮಿಸಿದವರು, ಸಂಬಳ ಕೊಡುವವರು, ತೆಗೆಯಬಲ್ಲವರು ಒಂದೇ ಊರಿನಲ್ಲಿ, ಅನೇಕ ವೇಳೆ ಒಂದೇ ಆವರಣದಲ್ಲಿರುತ್ತಾರೆ. ಈ ಸಾಮೀಪ್ಯ ವರವೂ ಆಗಬಹುದು, ಶಾಪವೂ ಆಗಬಹುದು. ಹಿಂದೆ ಅಧ್ಯಾಪಕರನ್ನು ಬೇಸಿಗೆಯ ರಜೆಗೆ ಮುನ್ನ ಬಿಡುಗಡೆ ಮಾಡಿ ಜೂನ್ ತಿಂಗಳಿನಲ್ಲಿ ಮರಳಿ ಸೇರಿಸಿಕೊಳ್ಳುವ ರೂಢಿ ಕೆಲವೆಡೆ ಇದ್ದುದು ಹಿರಿಯರಿಗೆ ನೆನಪಿರಬಹುದು. 1975ರ ಕರ್ನಾಟಕ ಖಾಸಗಿ ವಿದ್ಯಾಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಅಧಿನಿಯಮವು ವಿಚಾರಣೆಯಿಲ್ಲದೆ ನೌಕರರನ್ನು ವಜಾ ಮಾಡುವುದನ್ನು ತಡೆದು, ಮೇಲ್ಮನವಿಗೆ ನ್ಯಾಯಾಧಿಕರಣದ ದಾರಿಯನ್ನು ತೆರೆಯಿತು. 1983ರಲ್ಲಿ ರೂಪುಗೊಂಡು 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಅಧಿನಿಯಮದಲ್ಲಿಯೂ ಇಂತಹ ರಕ್ಷಣೆಯುಂಟು. ಕಾನೂನು ನೌಕರಿಯನ್ನು ಕಾಯಬಲ್ಲದು. ಸಭೆಯಲ್ಲಿ ಬಾಯಿ ತೆರೆದು 'ಈ ಪಾಠ ನನ್ನಿಂದ ಸರಿಯಾಗಿ ಆಗುತ್ತಿಲ್ಲ' ಎನ್ನುವ ಮನಸ್ಸನ್ನು ಕಾನೂನು ಕೊಡಲಾರದು.

ಇಂದಿನ ಅನುದಾನಿತ ಶಾಲೆಗಳ ಅಧ್ಯಾಪಕರ ಕೊಠಡಿಯಲ್ಲಿ ಇನ್ನೊಂದು ಸೂಕ್ಷ್ಮವಾದ ಸಂಗತಿಯಿದೆ, ಇದನ್ನು ಬಹಿರಂಗವಾಗಿ ಚರ್ಚಿಸುವವರು ವಿರಳ. ಒಂದೇ ಮೇಜಿನ ಸುತ್ತ ಎರಡು ಬಗೆಯ ಅಧ್ಯಾಪಕರು ಕುಳಿತಿರುತ್ತಾರೆ. ಒಬ್ಬರು ಸರ್ಕಾರದ ಅನುದಾನದಿಂದ ಪೂರ್ಣ ವೇತನಶ್ರೇಣಿಯನ್ನು ಪಡೆಯುವವರು. ಇನ್ನೊಬ್ಬರು ನಿವೃತ್ತಿಯಿಂದ ತೆರವಾದ ಹುದ್ದೆ ವರ್ಷಗಟ್ಟಲೆ ಭರ್ತಿಯಾಗದಿರುವಾಗ ಆಡಳಿತ ಮಂಡಳಿಯು ಗೌರವಧನದ ಮೇಲೆ ನೇಮಿಸಿಕೊಂಡವರು. ಅದೇ ತರಗತಿ, ಅದೇ ಪಠ್ಯ, ಅಷ್ಟೇ ಪಾಠದ ಅವಧಿಗಳು. ಆದರೆ ಒಬ್ಬರ ಸಂಬಳದ ಒಂದು ಸಣ್ಣ ಪಾಲು ಮಾತ್ರ ಇನ್ನೊಬ್ಬರಿಗೆ. ಮೂಗಿಗಿಂತ ಮೂಗುತಿ ಭಾರವಾಗಬಾರದೆಂಬ ಮಾತಿದೆ. ಇಲ್ಲಿ ಭಾರವೆಲ್ಲ ಮೂಗಿಗೆ, ಮೂಗುತಿ ಬೇರೆಯವರಿಗೆ. ಗೌರವಧನದ ಅಧ್ಯಾಪಕಿ ಉತ್ತಮವಾದ ಒಂದು ಹೊಸ ವಿಧಾನವನ್ನು ಕಂಡುಕೊಂಡರೂ ಹಿರಿಯರ ಮುಂದೆ ಅದನ್ನು ಹೇಳಲು ಹಿಂಜರಿಯುತ್ತಾಳೆ. ಹಿರಿಯರು ತಾವೇ ಅವಳ ತರಗತಿಗೆ ಹೋಗಿ ನೋಡುವ ಪದ್ಧತಿ ಇಲ್ಲ. ಎರಡು ವರ್ಷ ಕಳೆದು ಅವಳು ಸರ್ಕಾರಿ ಹುದ್ದೆಗೆ ಆಯ್ಕೆಯಾಗಿ ಹೋದಾಗ ಆ ವಿಧಾನವೂ ಅವಳೊಂದಿಗೇ ಹೋಗುತ್ತದೆ. ವ್ಯಕ್ತಿ ಕಲಿತಳು, ಸಂಸ್ಥೆ ಕಲಿಯಲಿಲ್ಲ. ಕಟ್ಟಡ ನಿಧಿಗೆ ಉದಾರವಾಗಿ ನೀಡುವ ದಾನಿಗಳು ಈ ನಷ್ಟವನ್ನು ಕಾಣುವುದಿಲ್ಲ, ಏಕೆಂದರೆ ಇದರ ಮೇಲೆ ಶಿಲಾಫಲಕ ಹಾಕಲು ಬರುವುದಿಲ್ಲ.

ಭಯದಿಂದ ಶಾಲೆಯ ಕಲಿಕೆ ಕುಂಠಿತವಾಗುತ್ತದೆಂಬುದಕ್ಕೆ ಆಸ್ಪತ್ರೆಯೊಂದರಿಂದ ಬಂದ ದೃಷ್ಟಾಂತವು ಉಪಯುಕ್ತವಾಗಿದೆ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿ ಅಮೆರಿಕದ ಆಸ್ಪತ್ರೆಗಳ ವಿಭಾಗಗಳಲ್ಲಿ ಔಷಧ ನೀಡಿಕೆಯ ತಪ್ಪುಗಳನ್ನು ಪರಿಶೀಲಿಸಿದರು. ಉತ್ತಮ ನೇತೃತ್ವ ಮತ್ತು ಸೌಹಾರ್ದವಿರುವ ವಿಭಾಗಗಳಲ್ಲಿ ತಪ್ಪುಗಳು ಕಡಿಮೆಯಿರಬೇಕೆಂಬುದು ಸಹಜ ನಿರೀಕ್ಷೆ. ದಾಖಲೆಗಳು ತದ್ವಿರುದ್ಧವನ್ನು ತೋರಿದವು: ಒಳ್ಳೆಯ ವಿಭಾಗಗಳಲ್ಲಿಯೇ ತಪ್ಪುಗಳು ಹೆಚ್ಚು! ವಿಚಾರಿಸಿ ನೋಡಲಾಗಿ, ಅಲ್ಲಿನ ದಾದಿಯರು ಹೆಚ್ಚು ತಪ್ಪು ಮಾಡುತ್ತಿದ್ದರೆಂದಲ್ಲ, ಮಾಡಿದ ತಪ್ಪನ್ನು ಹೇಳಿಕೊಳ್ಳಲು ಅಂಜುತ್ತಿರಲಿಲ್ಲವೆಂಬ ವಿವರಣೆ ದೊರೆಯಿತು. ಕಟ್ಟುನಿಟ್ಟಿನ ವಿಭಾಗಗಳಲ್ಲಿ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಶಾಲೆಯ ಕಿರುಪರೀಕ್ಷೆಗಳ ಅಂಕಪಟ್ಟಿಗಳನ್ನು ಪರಿಶೀಲಿಸುವ ಆಡಳಿತ ಮಂಡಳಿಯ ಸದಸ್ಯರು ಈ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಲೇಸು. ವರ್ಷದುದ್ದಕ್ಕೂ ಎಲ್ಲ ಮಕ್ಕಳೂ ಚೆನ್ನಾಗಿದ್ದಾರೆಂದು ವರದಿ ಮಾಡುವ ಶಾಲೆ ನಿಶ್ಚಿಂತೆಗಿಂತ ಹೆಚ್ಚಾಗಿ ಶಂಕೆಗೆ ಯೋಗ್ಯ.

ಇನ್ನು ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆಗಳ ವಿಷಯ. ಈ ಸಂಚಿಕೆಯ ವಾಚಕರಿಗೆ ಇದು ಹತ್ತಿರದ ವಸ್ತು. ಆಂಥೊನಿ ಬ್ರಿಕ್, ವಲೇರಿ ಲೀ ಮತ್ತು ಪೀಟರ್ ಹಾಲಂಡ್ ಎಂಬವರು 1993ರಲ್ಲಿ ಅಮೆರಿಕದ ಕ್ಯಾಥೊಲಿಕ್ ಪ್ರೌಢಶಾಲೆಗಳನ್ನು ಕುರಿತು ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ರಾಷ್ಟ್ರಮಟ್ಟದ ಅಂಕಿ ಅಂಶಗಳ ಜೊತೆಗೆ ಏಳು ಶಾಲೆಗಳಲ್ಲಿ ಹತ್ತಿರದಿಂದ ನಡೆಸಿದ ವೀಕ್ಷಣೆ ಅದರಲ್ಲಿದೆ. ಬಡವರ ಮತ್ತು ಅನುಕೂಲಸ್ಥರ ಮಕ್ಕಳ ಸಾಧನೆಯ ನಡುವಿನ ಅಂತರವು ಈ ಶಾಲೆಗಳಲ್ಲಿ ಕಡಿಮೆಯಾಗಿದ್ದುದು ಅವರ ಗಮನ ಸೆಳೆಯಿತು. ಇದಕ್ಕೆ ಕಾರಣ ಭಕ್ತಿಯೇ, ಶಿಸ್ತೇ, ಮಕ್ಕಳನ್ನು ಆಯ್ದು ಸೇರಿಸಿಕೊಳ್ಳುವುದೇ? ಗ್ರಂಥಕರ್ತರು ಮುಖ್ಯವಾಗಿ ಬೇರೆ ಕಾರಣಗಳನ್ನು ಕಂಡರು. ಎಲ್ಲ ಮಕ್ಕಳಿಗೂ ಬಹುತೇಕ ಒಂದೇ ಗಟ್ಟಿಯಾದ ಪಠ್ಯಕ್ರಮ. ಅಧ್ಯಾಪಕರು ತರಗತಿಯಾಚೆಗೂ ಮಕ್ಕಳೊಂದಿಗೆ ಆಟದ ಬಯಲಿನಲ್ಲಿ, ಪ್ರಾರ್ಥನೆಯಲ್ಲಿ, ಪ್ರವಾಸದಲ್ಲಿ ಬೆರೆಯುವುದು. ಎಲ್ಲರೂ ಹಂಚಿಕೊಂಡ ಧ್ಯೇಯ. ಅಂತೆಯೇ, ಹೊರಗಿನವರು ಊಹಿಸುವುದಕ್ಕೆ ವಿರುದ್ಧವಾಗಿ, ನಿರ್ಧಾರದ ಅಧಿಕಾರವು ಬಹುಮಟ್ಟಿಗೆ ಆಯಾ ಶಾಲೆಯ ಮಟ್ಟದಲ್ಲಿಯೇ ಇರುವುದು. ದೂರದಿಂದ ನೋಡುವವರಿಗೆ ಶ್ರೇಣೀಕೃತವಾಗಿ ತೋರುವ ಚರ್ಚು ತನ್ನ ಶಾಲೆಗಳ ದಿನನಿತ್ಯದ ವ್ಯವಹಾರವನ್ನು ಶಾಲೆಗಳಿಗೇ ಬಿಟ್ಟಿತ್ತು. ಮಠಗಳ ಶಾಲೆಗಳಲ್ಲಿ ಉಚಿತ ಪ್ರಸಾದ ನಿಲಯಗಳಿಂದ ಬಂದ ಮಕ್ಕಳೂ ಊರಿನ ವರ್ತಕರ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತ ಪರಂಪರೆಯನ್ನು ಬಲ್ಲವರಿಗೆ ಮೊದಲ ಕಾರಣಗಳು ಪರಿಚಿತವೆನಿಸುತ್ತವೆ. ಕೊನೆಯದು, ಅಧಿಕಾರವನ್ನು ಬಿಟ್ಟುಕೊಡುವುದು, ಎಷ್ಟು ಸಂಸ್ಥೆಗಳಲ್ಲಿ ಇದೆಯೆಂಬುದನ್ನು ಆಯಾ ಸಂಸ್ಥೆಯವರೇ ಹೇಳಬೇಕು.

ಬ್ರಿಕ್ ಅವರೇ ಮುಂದೆ ಬಾರ್ಬರಾ ಶ್ನೈಡರ್ ಅವರೊಡಗೂಡಿ ಶಿಕಾಗೋ ನಗರದ ಪ್ರಾಥಮಿಕ ಶಾಲೆಗಳ ಸುಧಾರಣೆಯನ್ನು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪರಸ್ಪರ ವಿಶ್ವಾಸದ ಬೆಲೆಯನ್ನು ಅಂಕಿಗಳಲ್ಲಿ ತೋರಿಸಿದರು. ಮುಖ್ಯಸ್ಥರು, ಅಧ್ಯಾಪಕರು, ಪಾಲಕರ ನಡುವೆ ಗಾಢ ವಿಶ್ವಾಸವಿದ್ದ ಶಾಲೆಗಳಲ್ಲಿ ಎರಡಕ್ಕೊಂದು ಸುಧಾರಿಸಿತು. ವಿಶ್ವಾಸ ದುರ್ಬಲವಾಗಿದ್ದಲ್ಲಿ ಸುಧಾರಿಸಿದುದು ಏಳಕ್ಕೊಂದು ಮಾತ್ರ. ವಿಶ್ವಾಸವು ಗೌರವ, ವೈಯಕ್ತಿಕ ಕಾಳಜಿ, ಕಾರ್ಯದಕ್ಷತೆ, ನುಡಿದಂತೆ ನಡೆಯುವಿಕೆ ಎಂಬ ನಾಲ್ಕರ ಮೇಲೆ ನಿಲ್ಲುತ್ತದೆಂಬುದು ಅವರ ಮತ. ಕಾರ್ಯದಕ್ಷತೆಯನ್ನು ಇದರಲ್ಲಿ ಸೇರಿಸಿರುವುದು ಗಮನಾರ್ಹ. ಸಿಹಿ ಮಾತಿನ ಮುಖ್ಯೋಪಾಧ್ಯಾಯರು ವೇಳಾಪಟ್ಟಿಯನ್ನೇ ಸರಿಯಾಗಿ ಹೊಂದಿಸಲಾರದಿದ್ದರೆ ವಿಶ್ವಾಸ ಬಹುಕಾಲ ಬಾಳುವುದಿಲ್ಲ. ಅದೇ ರೀತಿ, ಪಾಠ ಮಾಡದ ಸಹೋದ್ಯೋಗಿಯನ್ನು ಸಹಿಸಿಕೊಂಡೇ ಹೋಗುವ ಮುಖ್ಯಸ್ಥರ ಮೇಲೆ ಒಳ್ಳೆಯ ಅಧ್ಯಾಪಕರ ವಿಶ್ವಾಸ ಮೊದಲು ಕುಸಿಯುತ್ತದೆ.

ಈ ಎಲ್ಲ ವಿಚಾರಗಳನ್ನು ಪರದೇಶದ ಗ್ರಂಥಗಳಿಂದಲೇ ತಿಳಿಯಬೇಕಾಗಿಲ್ಲ. ಭಾರತದ ಖಾಸಗಿ ಶಿಕ್ಷಣದ ಇತಿಹಾಸದಲ್ಲಿಯೇ ಒಂದು ಪ್ರಕರಣವು ನೇತೃತ್ವದ ಶಕ್ತಿಯನ್ನೂ ಅದರ ಅಪಾಯವನ್ನೂ ಒಟ್ಟಿಗೆ ತೋರಿಸುತ್ತದೆ.

ವಿಷ್ಣುಶಾಸ್ತ್ರೀ ಚಿಪಳೂಣಕರರು ಸರ್ಕಾರಿ ಅಧ್ಯಾಪಕ ವೃತ್ತಿಯನ್ನು ತೊರೆದು 1880ರ ಜನವರಿಯಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಎಂಬ ಶಾಲೆಯನ್ನು ತೆರೆದರು. ತರುಣ ಬಾಲ ಗಂಗಾಧರ ಟಿಳಕರು ಮೊದಲಿನಿಂದಲೇ ಜೊತೆಗಿದ್ದರು. ಸಂಸ್ಕೃತ ಕೋಶಕಾರರೆಂದು ಮುಂದೆ ಖ್ಯಾತರಾದ ವಾಮನ ಶಿವರಾಮ ಆಪಟೆ, ಗೋಪಾಳ ಗಣೇಶ ಆಗರಕರ ಬಳಿಕ ಬಂದು ಸೇರಿದರು. 1882ರಲ್ಲಿ ಶಾಲೆಗೆ ಎರಡು ಆಘಾತಗಳು ಒದಗಿದವು. ಸಂಸ್ಥಾಪಕರಾದ ಚಿಪಳೂಣಕರರು ಅಕಾಲದಲ್ಲಿ ತೀರಿಕೊಂಡರು. ಕೊಲ್ಹಾಪುರದ ಮೊಕದ್ದಮೆಯಲ್ಲಿ ಟಿಳಕರೂ ಆಗರಕರರೂ ಸೆರೆಮನೆ ಸೇರಿದರು. ಇಷ್ಟಾದರೂ ಶಾಲೆ ನಿಲ್ಲಲಿಲ್ಲ. ಒಬ್ಬ ವ್ಯಕ್ತಿಯ ಮೇಲೆ ನಿಂತಿದ್ದ ಸಂಸ್ಥೆಯಾಗಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಈ ಶಾಲೆಯ ಆಡಳಿತವಿದ್ದುದು ಪಾಠ ಹೇಳುವವರ ಕೈಯಲ್ಲಿ. 1884ರಲ್ಲಿ ಡೆಕ್ಕನ್ ಎಜುಕೇಷನ್ ಸೊಸೈಟಿ ಸ್ಥಾಪನೆಯಾದಾಗ ಈ ಏರ್ಪಾಡಿಗೆ ನಿಯಮದ ರೂಪ ಬಂದಿತು. ಅಲ್ಪ ಸಂಭಾವನೆಯ ಮೇಲೆ ದೀರ್ಘಕಾಲ ದುಡಿಯುವುದಾಗಿ ಪಣ ತೊಟ್ಟ ಅಧ್ಯಾಪಕರು ಆಜೀವ ಸದಸ್ಯರೆನಿಸಿ, ಸಂಸ್ಥೆಯ ಕಾರ್ಯಭಾರವನ್ನು ತಾವೇ ನಡೆಸಿದರು. ಮರುವರ್ಷದ ಜನವರಿಯಲ್ಲಿ ಫರ್ಗ್ಯುಸನ್ ಕಾಲೇಜು ಪ್ರಾರಂಭವಾಯಿತು.

ಬಿರುಕು ಬಿಟ್ಟುದು ಇಂತಹ ಸಂಸ್ಥೆಯಲ್ಲಿಯೇ. ಟಿಳಕರ ದೃಷ್ಟಿಯಲ್ಲಿ ಆಜೀವ ಸದಸ್ಯನೆಂದರೆ ಜೆಸ್ಯುಯಿಟ್ ಸಂನ್ಯಾಸಿಯಂತೆ ಸರ್ವಸ್ವವನ್ನೂ ಸಂಸ್ಥೆಗೆ ಅರ್ಪಿಸಿದವನು. ಅವನು ಹೊರಗಿನ ಕೆಲಸ ಹಿಡಿಯಕೂಡದು, ಹೊರಗೆ ಸಂಪಾದಿಸಿದುದೂ ಸಂಸ್ಥೆಗೇ ಸಲ್ಲತಕ್ಕದ್ದು. ಸಂಸಾರ ಬೆಳೆದ ಇತರ ಸದಸ್ಯರಿಗೆ ಸಂಬಳದಲ್ಲಿ ಕೊಂಚ ಏರಿಕೆ ಬೇಕಾಗಿತ್ತು, ಶಾಲೆಯ ಹೊರಗಿನ ಬಿಡುವು ತಮ್ಮದೆಂಬ ಭಾವನೆಯೂ ಇತ್ತು. ಸಮಾಜ ಸುಧಾರಣೆಯ ಪ್ರಶ್ನೆಯಲ್ಲಿ ಟಿಳಕರಿಗೂ ಆಗರಕರರಿಗೂ ಇದ್ದ ಭಿನ್ನಾಭಿಪ್ರಾಯವು ಇದಕ್ಕೆ ಬೆರೆಯಿತು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಗೋಪಾಲಕೃಷ್ಣ ಗೋಖಲೆಯವರು 1890ರಲ್ಲಿ ಸಾರ್ವಜನಿಕ ಸಭೆಯ ಕಾರ್ಯದರ್ಶಿತ್ವವನ್ನು ಒಪ್ಪಿಕೊಂಡುದು ಕೊನೆಯ ಕಿಡಿಯಾಯಿತು. ಆ ವರ್ಷಾಂತ್ಯಕ್ಕೆ ಟಿಳಕರು ಸುದೀರ್ಘವಾದ ಹೇಳಿಕೆಯನ್ನು ಬರೆದುಕೊಟ್ಟು ಸಂಸ್ಥೆಯನ್ನು ತೊರೆದರು.

ಯಾರದು ಸರಿ, ಯಾರದು ತಪ್ಪು ಎಂಬ ವಾದವನ್ನು ಮಹಾರಾಷ್ಟ್ರದ ಚರಿತ್ರಕಾರರಿಗೆ ಬಿಡಬಹುದು. ಶಾಲೆಗಳನ್ನು ನಡೆಸುವವರಿಗೆ ಇದರಲ್ಲಿ ಎರಡು ಸಂಗತಿಗಳು ಮುಖ್ಯ. ತ್ಯಾಗವೆಂಬುದು ಸ್ಥಾಪಕರಿಗೆ ಸ್ವಯಂಸ್ಫೂರ್ತಿಯಿಂದ ಬಂದಿರುತ್ತದೆ. ಅದನ್ನು ಅನಂತರ ಬಂದವರಿಗೆ ಅಳತೆಗೋಲನ್ನಾಗಿ ಮಾಡಿದಾಗ ಅದು ತ್ಯಾಗವಾಗಿ ಉಳಿಯದೆ ಬೇಡಿಕೆಯಾಗುತ್ತದೆ, ಬೇಡಿಕೆಯು ಮನಸ್ತಾಪವನ್ನು ತರುತ್ತದೆ. ಸಂಬಳ, ಬಿಡುವು, ಹೊರಗಿನ ದುಡಿಮೆ ಮೊದಲಾದ ಲೌಕಿಕ ವಿಷಯಗಳನ್ನು ಆರಂಭದಲ್ಲಿಯೇ ಬಿಚ್ಚಿ ಮಾತನಾಡದಿದ್ದರೆ ಅವು ತತ್ತ್ವದ ವೇಷ ತೊಟ್ಟು ಮರಳಿ ಬರುತ್ತವೆ. ಎರಡನೆಯದಾಗಿ, ಟಿಳಕರಂತಹ ಗಣಿತದ ಬೋಧಕರು ಹೋದರೂ ಸಂಸ್ಥೆ ಕುಸಿಯಲಿಲ್ಲ. ಮರುವರ್ಷ ಗೋಖಲೆಯವರ ಆಹ್ವಾನದ ಮೇರೆಗೆ ಧೋಂಡೋ ಕೇಶವ ಕರ್ವೆಯವರು ಗಣಿತದ ಪ್ರಾಧ್ಯಾಪಕರಾಗಿ ಬಂದರು. ಆಪಟೆಯವರ ನಿಧನಾನಂತರ 1892ರಲ್ಲಿ ಆಗರಕರರು ಪ್ರಾಚಾರ್ಯರಾದರು. ನಿರ್ಧಾರದ ಹೊಣೆ ಹಂಚಿಹೋಗಿದ್ದುದರಿಂದಲೇ ಇಷ್ಟು ದೊಡ್ಡ ಪೆಟ್ಟನ್ನು ಸಂಸ್ಥೆ ತಾಳಿಕೊಂಡಿತು.

ಕನ್ನಡ ನಾಡಿನಲ್ಲಿಯೂ ಅಧ್ಯಾಪಕರೇ ಕಟ್ಟಿದ ಸಂಸ್ಥೆಯ ಉದಾಹರಣೆ ಉಂಟು. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯೊಂದಿಗೆ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯನ್ನು ಆರಂಭಿಸಿದ ಏಳು ಮಂದಿ ತರುಣ ಅಧ್ಯಾಪಕರನ್ನು ಜನರು ಸಪ್ತರ್ಷಿಗಳೆಂದು ಕರೆದರು. ಶಿ. ಶಿ. ಬಸವನಾಳರು, ಎಂ. ಆರ್. ಸಾಖರೆಯವರು ಅವರಲ್ಲಿದ್ದರು. ಇವರೂ ಆಜೀವ ಸದಸ್ಯತ್ವದ ಮಾರ್ಗವನ್ನೇ ಹಿಡಿದವರು. ಬೆನ್ನಿಗೆ ನಿಂತವರು ಉದಾರಿಗಳಾದ ದಾನಿಗಳು. 1933ರಲ್ಲಿ ತೆರೆದ ಅದರ ಕಾಲೇಜಿಗೆ ತನ್ನ ಸಂಪತ್ತನ್ನು ಶಿಕ್ಷಣಕ್ಕೆ ಮೀಸಲಿರಿಸಿ ಗತಿಸಿದ ತ್ಯಾಗವೀರ ಸಿರಸಂಗಿ ಲಿಂಗರಾಜರ ಹೆಸರಿದೆ. ದಾನಿಯ ಹೆಸರು ಬಾಗಿಲ ಮೇಲೆ, ಪಾಠದ ನಿರ್ಣಯ ಅಧ್ಯಾಪಕರ ಕೊಠಡಿಯಲ್ಲಿ ಎಂಬ ವಿಂಗಡಣೆಯನ್ನು ಕಾಯ್ದುಕೊಳ್ಳುವುದು ಯಾವ ಸಂಸ್ಥೆಗೂ ಸುಲಭವಲ್ಲ, ಆದರೆ ಅಸಾಧ್ಯವೂ ಅಲ್ಲ.

ಮುಖ್ಯೋಪಾಧ್ಯಾಯರು ಯಥಾರ್ಥವಾಗಿ ಏನನ್ನು ಮಾಡಬೇಕು? ಶಾಲೆಗೆ ಸಂಬಂಧಿಸಿದ ಅಂಶಗಳಲ್ಲಿ ಮಗುವಿನ ಕಲಿಕೆಯ ಮೇಲೆ ತರಗತಿಯ ಬೋಧನೆಯ ನಂತರದ ಎರಡನೆಯ ಸ್ಥಾನ ನೇತೃತ್ವಕ್ಕಿದೆಯೆಂದು ಕೆನಡಾದ ಕೆನೆತ್ ಲೈತ್‌ವುಡ್ ಮತ್ತು ಸಂಗಡಿಗರು 2004ರಲ್ಲಿ ನಿರ್ಣಯಿಸಿದರು. ಆ ಪ್ರಭಾವ ಯಾವ ದಾರಿಯಿಂದ ಹರಿಯುತ್ತದೆಂಬುದನ್ನು ನ್ಯೂಜಿಲೆಂಡಿನ ವಿವಿಯನ್ ರಾಬಿನ್ಸನ್ ಮತ್ತು ಸಹೋದ್ಯೋಗಿಗಳು 2008ರಲ್ಲಿ ಹಲವು ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಗುರಿ ನಿಗದಿ, ಸಂಪನ್ಮೂಲದ ವಿನಿಯೋಗ, ಶಿಸ್ತಿನ ಪಾಲನೆ ಎಲ್ಲಕ್ಕಿಂತ ಹೆಚ್ಚು ಪರಿಣಾಮ ಬೀರಿದುದು ಅಧ್ಯಾಪಕರ ಕಲಿಕೆಯನ್ನು ಏರ್ಪಡಿಸುವುದು ಮಾತ್ರವಲ್ಲದೆ ಮುಖ್ಯಸ್ಥರು ಅದರಲ್ಲಿ ತಾವೂ ಪಾಲ್ಗೊಳ್ಳುವುದು. ತರಬೇತಿ ಶಿಬಿರವನ್ನು ದೀಪ ಬೆಳಗಿಸಿ ಉದ್ಘಾಟಿಸಿ, ಹಾರ ಹಾಕಿಸಿಕೊಂಡು, ಕಚೇರಿಯ ಕೆಲಸವಿದೆಯೆಂದು ಎದ್ದು ಹೋಗುವ ಮುಖ್ಯಸ್ಥರ ಚಿತ್ರ ಎಲ್ಲರಿಗೂ ಪರಿಚಿತ. ಅವರು ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕುಳಿತು, ತಮಗೆ ತಿಳಿಯದುದನ್ನು ಕಿರಿಯರ ಮುಂದೆ ಕೇಳಿದರೆ ಆ ಒಂದು ದಿನದಲ್ಲಿ ನಡೆಯುವ ಬದಲಾವಣೆಯನ್ನು ಯಾವ ಸುತ್ತೋಲೆಯೂ ತರಲಾರದು.

ಪಾಠವೀಕ್ಷಣೆಯ ಪದ್ಧತಿಯೂ ಹೀಗೆಯೇ. ವರ್ಷಕ್ಕೊಮ್ಮೆ ಮುಖ್ಯೋಪಾಧ್ಯಾಯರು ಅಥವಾ ಇಲಾಖೆಯ ಪರಿವೀಕ್ಷಕರು ತರಗತಿಯ ಹಿಂದೆ ಕುಳಿತು, ಟಿಪ್ಪಣಿ ಪುಸ್ತಕಕ್ಕೆ ರುಜು ಹಾಕಿ, 'ಬೋರ್ಡಿನ ಉಪಯೋಗ ಇನ್ನೂ ಉತ್ತಮಗೊಳ್ಳಬೇಕು' ಎಂದು ಬರೆದು ಹೋಗುವುದರಿಂದ ಯಾರೂ ಕಲಿಯುವುದಿಲ್ಲ. ಜಪಾನಿನ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ, 1999ರ ಸ್ಟಿಗ್ಲರ್ ಮತ್ತು ಹೀಬರ್ಟ್ ಅವರ ಗ್ರಂಥದಿಂದ ಹೊರಜಗತ್ತಿಗೆ ಹೆಚ್ಚು ಪರಿಚಿತವಾದ ಪಾಠಾಧ್ಯಯನದ ಕ್ರಮದಲ್ಲಿ ಕೆಲವು ಅಧ್ಯಾಪಕರು ಕೂಡಿ ಒಂದು ಪಾಠವನ್ನು ತಿಂಗಳುಗಟ್ಟಲೆ ಯೋಜಿಸುತ್ತಾರೆ. ಒಬ್ಬರು ಅದನ್ನು ಬೋಧಿಸುವಾಗ ಉಳಿದವರು ನೋಡುವುದು ಬೋಧಕರನ್ನಲ್ಲ, ಮಕ್ಕಳನ್ನು. ಯಾವ ಮಗು ಎಲ್ಲಿ ತಡೆಯಿತು, ಯಾವ ಪ್ರಶ್ನೆಗೆ ಕಣ್ಣರಳಿಸಿತು ಎಂಬುದನ್ನು ಗುರುತು ಮಾಡಿಕೊಳ್ಳುತ್ತಾರೆ. ಪಾಠವು ಎಲ್ಲರ ಕೃತಿಯಾದುದರಿಂದ ಅದರ ದೋಷವೂ ಎಲ್ಲರದು, ಯಾರ ಮಾನವೂ ಹೋಗುವುದಿಲ್ಲ. ಇದಕ್ಕೆ ಖರ್ಚಿಲ್ಲ. ವೇಳಾಪಟ್ಟಿಯಲ್ಲಿ ಒಂದೇ ವಿಷಯದ ಅಧ್ಯಾಪಕರಿಗೆ ವಾರದಲ್ಲಿ ಒಂದು ಬಿಡುವಿನ ಅವಧಿ ಒಟ್ಟಿಗೆ ಬರುವಂತೆ ಹೊಂದಿಸಿಕೊಟ್ಟರೆ ಪ್ರಾರಂಭಕ್ಕೆ ಸಾಕು. ಪೂರ್ವಾಹ್ನದ ಅವಧಿಗಳೆಲ್ಲ ತುಂಬಿಹೋಗಿವೆಯೆಂಬ ಆಕ್ಷೇಪಣೆ ಬರುತ್ತದೆ. ಶನಿವಾರದ ಅರ್ಧ ದಿನದ ನಂತರದ ಒಂದು ಗಂಟೆಯನ್ನು ತಿಂಗಳಿಗೊಮ್ಮೆ ಇದಕ್ಕೆ ಮೀಸಲಿಡುವುದು ಅಸಾಧ್ಯವೇನಲ್ಲ. ಆದರೆ ಆ ಗಂಟೆಯಲ್ಲಿ ಸುತ್ತೋಲೆಗಳನ್ನು ಓದಲು ಪ್ರಾರಂಭಿಸಿದರೆ ಉದ್ದೇಶವೇ ಕೆಡುತ್ತದೆ.

ಆಡಳಿತ ಮಂಡಳಿಯ ಮತ್ತು ದಾನಿಗಳ ಪಾಲಿಗೂ ಕೆಲಸವಿದೆ. ಗೌರವಧನದ ಅಧ್ಯಾಪಕರ ಸಂಭಾವನೆಯನ್ನು ವರ್ಷಕ್ಕೆ ಹತ್ತು ತಿಂಗಳ ಬದಲು ಹನ್ನೆರಡು ತಿಂಗಳು ನೀಡುವ ನಿಧಿಯೊಂದನ್ನು ಹಳೆಯ ವಿದ್ಯಾರ್ಥಿಗಳು ಸ್ಥಾಪಿಸಿದರೆ, ಹೊಸ ಸಭಾಂಗಣಕ್ಕಿಂತ ಅದರ ಫಲ ಬೇಗ ಕಾಣುವ ಸಂಭವವಿದೆ. ಗುಮಾಸ್ತರೊಬ್ಬರನ್ನು ನೇಮಿಸಿ ಮುಖ್ಯೋಪಾಧ್ಯಾಯರನ್ನು ಲೆಕ್ಕದ ಪುಸ್ತಕದಿಂದ ಬಿಡಿಸಿದರೆ ಅವರು ತರಗತಿಗಳ ಕಡೆಗೆ ಕಾಲು ಹಾಕಬಲ್ಲರು. ಫಲಿತಾಂಶದ ಸಭೆಗೆ ಮಂಡಳಿಯ ಸದಸ್ಯರು ಬರುವುದಾದರೆ ಮೊದಲ ಅರ್ಧ ಗಂಟೆ ಕೇಳುವುದಕ್ಕೆ ಮಾತ್ರ ಕುಳಿತುಕೊಳ್ಳುವುದು ಒಳಿತು. ಆ ಅವಧಿಯಲ್ಲಿ ಮೊದಲ ಮಾತನ್ನು ಎಲ್ಲರಿಗಿಂತ ಕಿರಿಯ ಅಧ್ಯಾಪಕಿಗೆ ಬಿಟ್ಟುಕೊಡಬೇಕು. ಯಾವ ಮಗುವಿಗೆ ಏನು ಅರ್ಥವಾಗುತ್ತಿಲ್ಲವೆಂಬುದು ಹೆಚ್ಚಾಗಿ ಅವಳಿಗೇ ಗೊತ್ತಿರುತ್ತದೆ.